ಹಕ್ಕಿಯ ಎಡಗಾಲು

ಆ ಗುರುವಾರ ಬೆಳಿಗ್ಗೆ ಏಳೂವರೆಗೆ ಎಂದಿನಂತೆ ಸ್ವೆಟರ್ ಹಾಕಿಕೊಂಡು, ಬೂಟುಗಳನ್ನು ಔಷಧದ ನೀರಿನಲ್ಲಿ ಅದ್ದಿ, ತಂಪುಮನೆಯ ಒಳಬಾಗಿಲು ತೆಗೆದೆ. ಹೊರಗೆ ಮೂವತ್ತು ಡಿಗ್ರಿ, ಒಳಗೆ ಹದಿನಾರು. ಸಿಂಗಪುರದಲ್ಲಿ ವರ್ಷವಿಡೀ ಉಣ್ಣೆಯ ಸ್ವೆಟರ್ ಒಗೆದು ಒಣಹಾಕುವ ಮನೆ ನನ್ನದೊಂದೇ ಇರಬೇಕು. ಕ್ಲೆಮೆಂಟಿಯ ನಮ್ಮ ಬ್ಲಾಕಿನವರು ಅದನ್ನು ಕಂಡಾಗಲೆಲ್ಲ ನಗುತ್ತಾರೆ.

ದ್ವೀಪದ ಪಶ್ಚಿಮ ತುದಿಯ ಒಂದು ಪಕ್ಷಿ ಸಂವರ್ಧನಾ ಕೇಂದ್ರದಲ್ಲಿ ದಾಖಲೆ ನೋಡಿಕೊಳ್ಳುವುದು ನನ್ನ ಅರೆಕಾಲಿಕ ಕೆಲಸ. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ. ಅಷ್ಟು ಹೇಳಿದರೆ ಸಾಕು. ತಂಪುಮನೆಯಲ್ಲಿ ಆಗ ಇದ್ದದ್ದು ಮೂರು ಟ್ರಾಗೋಪಾನ್‌ಗಳು. ಹಿಮಾಲಯದ ಎತ್ತರದ, ತೇವದ ಕಾಡುಗಳಲ್ಲಿ ಬದುಕುವ ಫೆಸೆಂಟ್ ಜಾತಿಯ ಹಕ್ಕಿಗಳು, ನಮ್ಮ ಕೋಳಿಯ ದೂರದ ಬಂಧುಗಳು. ಮೂರರಲ್ಲಿ ಒಂದು ಗಂಡು. ಅದರದು ಸಟೈರ್ ಎಂಬ ಬಗೆ. ಎದೆ ಕುಂಕುಮಗೆಂಪು, ಮೈತುಂಬ ಕಪ್ಪು ಅಂಚಿನ ಬಿಳಿ ಚುಕ್ಕೆಗಳು, ಮುಖದ ಚರ್ಮ ನೀಲಿ. ಅದನ್ನು ಬೇರೆ ಯಾವುದೋ ಎಂದು ತಪ್ಪು ತಿಳಿಯುವಂತೆಯೇ ಇರಲಿಲ್ಲ.

ಕಷ್ಟವಿದ್ದದ್ದು ಹೆಣ್ಣುಗಳಲ್ಲಿ. ಒಂದು ಹೆಣ್ಣು ಸಟೈರ್, ಇನ್ನೊಂದು ಟೆಮ್ಮಿಂಕ್. ಟೆಮ್ಮಿಂಕ್ ಎಂದರೆ ಇನ್ನೂ ಪೂರ್ವದ ಬೆಟ್ಟಗಳ ಬಗೆ. ಅದರ ಗಂಡಿನ ಚುಕ್ಕೆಗಳು ಬೂದಿ ಬಣ್ಣ, ಕಪ್ಪು ಅಂಚಿಲ್ಲ. ಗಂಡುಗಳನ್ನು ಮಗುವೂ ಬೇರೆ ಮಾಡಬಲ್ಲದು. ಹೆಣ್ಣುಗಳು ಮಾತ್ರ ಎರಡೂ ಒಣ ತರಗೆಲೆಯ ಬಣ್ಣ. ಸಟೈರ್ ಹೆಣ್ಣು ಗಂಡಿನ ಜೊತೆ ಒಂದನೇ ಕೋಣೆಯಲ್ಲಿತ್ತು. ಟೆಮ್ಮಿಂಕ್ ಹೆಣ್ಣು ಮೂರನೇ ಕೋಣೆಯಲ್ಲಿ ಒಂಟಿಯಾಗಿತ್ತು. ಮುಂದಿನ ಗುರುವಾರ ಅದು ವಿಮಾನ ಹತ್ತಬೇಕಿತ್ತು. ಹೊರದೇಶದ ಒಂದು ಕೇಂದ್ರದಲ್ಲಿ ಅದರದೇ ಬಗೆಯ ಗಂಡು ಜೋಡಿಯಿಲ್ಲದೆ ಕಾಯುತ್ತಿತ್ತು. ನಮ್ಮ ಗಂಡಿಗೂ ವಯಸ್ಸಾಗಿತ್ತು. ಮರಿ ಮಾಡುವ ಋತು ಅದಕ್ಕೆ ಇನ್ನೊಂದು ಸಿಗುವುದು ಅನುಮಾನ ಎಂದು ವೈದ್ಯೆ ಹೇಳಿದ್ದಳು.

ನನ್ನ ಕ್ರಮ ಹೀಗೆ: ಮೊದಲು ತಾಪಮಾನ, ಆಮೇಲೆ ತೇವಾಂಶ, ನೀರಿನ ಬಟ್ಟಲು, ಉಳಿದ ಸೊಪ್ಪಿನ ತೂಕ, ಹಿಕ್ಕೆ, ಕೊನೆಗೆ ಹಕ್ಕಿ. ಅಂದು ಕೊನೆಯದಕ್ಕೆ ಬಂದಾಗ ಒಂದನೇ ಕೋಣೆಯ ಹೆಣ್ಣು ಗಾಜಿನ ಹತ್ತಿರ ನಿಂತಿತ್ತು. ಅದರ ಕಣ್ಣಿನ ಸುತ್ತ ನೀಲಿ ಬಣ್ಣ ಕಂಡಿತು.

ನರ್ಸಿಗೆ ನೀಲಿ ಎಂದರೆ ಒಳ್ಳೆಯ ಸುದ್ದಿಯಲ್ಲ. ತುಟಿ ನೀಲಿಯಾದರೆ, ಉಗುರು ನೀಲಿಯಾದರೆ, ಓಡಬೇಕು. ನಾನು ಫೋನ್ ತೆಗೆದೆ.

ಕೇಂದ್ರದ ಪಶುವೈದ್ಯೆ ಬುಕಿತ್ ಪಂಜಾಂಗ್‌ನಲ್ಲಿ ಬೆಳೆದ ಕನ್ನಡದ ಹುಡುಗಿ. ಹುಡುಗಿ ಎನ್ನುವುದು ನನ್ನ ಲೆಕ್ಕ. ಅವಳಿಗೆ ಮೂವತ್ತಾರು, ನನಗೆ ಮೇಲಧಿಕಾರಿ. ಏದುಸಿರು ಬಿಡುತ್ತ ಬಂದಳು.

"ಆಂಟಿ, ಅರ್ಜೆಂಟ್ ಅಂತ ಮೆಸೇಜ್ ಹಾಕಿಬಿಟ್ರಿ. ಎಲ್‌ಆರ್‌ಟಿ ರೈಲಲ್ಲೇ ನನ್ನ ಅರ್ಧ ಪ್ರಾಣ ಹೋಯ್ತು."

"ಕಣ್ಣಿನ ಸುತ್ತ ನೀಲಿ ಆಗಿದೆ. ಆಕ್ಸಿಜನ್ ಕಮ್ಮಿ ಇರಬೇಕು, ನೋಡು."

"ಇದು ನಿಮ್ಮ ವಾರ್ಡ್ ಅಲ್ಲ ಲಾ," ಎಂದು ಸಿಂಗಪುರದವರಂತೆ ಮಾತು ಎಳೆದಳಾದರೂ ಕೈಗವಸು ಹಾಕಿಕೊಂಡಳು.

ಹಕ್ಕಿಯ ತಲೆಗೆ ಮೃದುವಾದ ಬಟ್ಟೆ ಮುಚ್ಚಿ, ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದೆವು. ಅವಳು ಎದೆ ಕೇಳಿದಳು, ಕೊಕ್ಕು ಬಿಡಿಸಿ ಬಾಯೊಳಗೆ ಟಾರ್ಚ್ ಬಿಟ್ಟಳು, ತೂಕ ನೋಡಿದಳು. ಬಾಯಿ ಗುಲಾಬಿ, ಉಸಿರು ಸ್ವಚ್ಛ, ತೂಕ ಸರಿ.

"ಫುಲ್ ಫಿಟ್. ನಿಮಗಿಂತ ಚೆನ್ನಾಗಿದಾಳೆ."

"ಮತ್ತೆ ನೀಲಿ?"

"ಸೀಸನ್ ಶುರು ಆಗಿದೆ, ಸ್ವಲ್ಪ ಕಲರ್ ಬಂದಿರುತ್ತೆ. ಬಿಡಿ."

ಬಿಡುವುದು ನನಗೆ ಬರುವುದಿಲ್ಲ. ಕಾರಣ ಗೊತ್ತಾಗದ ಲಕ್ಷಣವನ್ನು ಚಾರ್ಟಿನಲ್ಲಿ ತೆರೆದೇ ಇಡಬೇಕು, ಮುಚ್ಚಬಾರದು. ಊಟದ ಹೊತ್ತಿನಲ್ಲಿ ಕಚೇರಿಯ ಕಪಾಟಿನಿಂದ ಫೆಸೆಂಟ್‌ಗಳ ಕೈಪಿಡಿ ತೆಗೆದು, ಚಪಾತಿ ತಿನ್ನುತ್ತ ಓದಿದೆ. ನಾಲ್ಕನೇ ಪುಟಕ್ಕೆ ಚಪಾತಿ ಕೆಳಗಿಟ್ಟೆ. ಕಣ್ಣಿನ ಸುತ್ತ ನೀಲಿ ಚರ್ಮ ಇರುವುದು ಟೆಮ್ಮಿಂಕ್ ಹೆಣ್ಣಿಗೆ. ಅದರ ಹೊಟ್ಟೆಯ ಮೇಲೆ ತಿಳಿ ಬಣ್ಣದ ಗುರುತುಗಳು ಎದ್ದು ಕಾಣಬೇಕು. ಸಟೈರ್ ಹೆಣ್ಣಿಗೆ ಆ ನೀಲಿ ಇಲ್ಲ. ಮೈ ಹೆಚ್ಚು ಕೆಂಪು, ಹೊಟ್ಟೆಯ ಗುರುತು ಮಸುಕು.

ಮೇಲೆ ಹೋಗಿ ವೈದ್ಯೆಗೆ ಪುಟ ತೋರಿಸಿದೆ. ಅವಳು ಎರಡು ಸಲ ಓದಿದಳು. ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಇಬ್ಬರೂ ಕ್ರಮವಾಗಿ ಶುರುಮಾಡಿದೆವು. ಮೊದಲು ಚಿಪ್. ಚರ್ಮದ ಕೆಳಗಿನ ಆ ಅಕ್ಕಿಕಾಳಿನಷ್ಟು ಚಿಪ್ ಮೇಲೆ ಯಂತ್ರ ಹಿಡಿದರೆ ಸಂಖ್ಯೆ ಬರುತ್ತದೆ. ಒಂದನೇ ಕೋಣೆಯ ಹೆಣ್ಣಿನ ಸಂಖ್ಯೆ ನನ್ನ ರಿಜಿಸ್ಟರಿನಲ್ಲಿ ಸಟೈರ್ ಹೆಸರಿನ ಎದುರು ಇತ್ತು. ಕಾಲಿನ ಲೋಹದ ಉಂಗುರವೂ ಅದನ್ನೇ ಹೇಳಿತು. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಏಕೆಂದರೆ ಆ ಚಿಪ್ ಮತ್ತು ಉಂಗುರ ಹಾಕಿಸಿದ್ದು ಮೂರು ತಿಂಗಳ ಹಿಂದೆ, ನನ್ನದೇ ರಿಜಿಸ್ಟರ್ ನೋಡಿಕೊಂಡು. ರಿಜಿಸ್ಟರ್ ತಪ್ಪಾಗಿದ್ದರೆ ಯಂತ್ರವೂ ತಪ್ಪನ್ನೇ ಓದುತ್ತದೆ.

ನಾನು ಸೇರಿದಾಗ ಅಲ್ಲಿದ್ದದ್ದು ಹಳೆಯ ಪಾಲಕರ ಒಂದು ನೋಟ್‌ಬುಕ್ ಮಾತ್ರ. ಅವರು ಅದೇ ವಾರ ನಿವೃತ್ತರಾಗಿದ್ದರು. ಹಕ್ಕಿಗಳು ಖಾಸಗಿ ಸಂಗ್ರಹವೊಂದರಿಂದ ಬಂದಿದ್ದವು. ಎರಡೂ ಹೆಣ್ಣುಗಳಿಗೆ ಹಸಿರು ಪ್ಲಾಸ್ಟಿಕ್ ಉಂಗುರ. ಸಟೈರ್, ಎಡಗಾಲು. ಟೆಮ್ಮಿಂಕ್, ಬಲಗಾಲು. ನೋಟ್‌ಬುಕ್ಕಿನಲ್ಲಿ ಅಷ್ಟೇ ಇತ್ತು. ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು. ನಾನು ಗೆರೆ ಹೊಡೆದು ಹೊಸ ರಿಜಿಸ್ಟರ್ ಮಾಡಿ, ಕಾಲು ನೋಡಿ ಹಕ್ಕಿ ಗುರುತಿಸಿ, ಉಂಗುರ ಬದಲಿಸಿದ್ದೆ. ಅದನ್ನು ನೋಡಿಯೇ ಒಂದು ಹೆಣ್ಣನ್ನು ಗಂಡಿನ ಕೋಣೆಗೆ ಸೇರಿಸಿದ್ದೆವು. ಎಲ್ಲರೂ ಮೆಚ್ಚಿದ್ದರು. ನಾನೂ ಮೆಚ್ಚಿಕೊಂಡಿದ್ದೆ.

ಇನ್ನು ಉಳಿದದ್ದು ಎರಡೂ ಹಕ್ಕಿಗಳನ್ನು ಒಂದೇ ಬೆಳಕಿನಲ್ಲಿ ಹೋಲಿಸುವುದು. ತಂಪುಮನೆಯ ದೀಪಗಳು ನೀಲಿ ಛಾಯೆಯವು. ಅಲ್ಲಿ ತೆಗೆದ ಫೋಟೋಗಳಲ್ಲಿ ಎರಡೂ ಹಕ್ಕಿಗಳ ಕಣ್ಣು ನೀಲಿ, ನನ್ನ ಕೈಯೂ ನೀಲಿ. ಹಗಲಿನ ಬೆಳಕು ಬೇಕಿತ್ತು. ಆದರೆ ಬೆಟ್ಟದ ಹಕ್ಕಿಯನ್ನು ಸಿಂಗಪುರದ ಮಧ್ಯಾಹ್ನಕ್ಕೆ ತಂದರೆ ಬಾಯಿ ತೆರೆದು ತೇಕತೊಡಗುತ್ತದೆ. ಹಿಂಬಾಗಿಲಿನ ನೆರಳಿನಲ್ಲಿ, ಬೆಳಿಗ್ಗೆ ಎಂಟಕ್ಕೆ, ಒಂದೊಂದಕ್ಕೆ ಎರಡೇ ನಿಮಿಷ ಎಂದು ವೈದ್ಯೆ ಗೆರೆ ಎಳೆದಳು. ಅವಳು ಹಿಡಿದಳು, ನಾಡಿ ಎಣಿಸುವ ಹಳೆಯ ಕೈಗಡಿಯಾರದಲ್ಲಿ ನಾನು ಸೆಕೆಂಡು ಎಣಿಸುತ್ತ ಪಕ್ಕದಲ್ಲಿ ಬಣ್ಣ ಹೋಲಿಸಲು ಬೂದು ಕಾರ್ಡ್ ಇಟ್ಟು ಫೋಟೋ ತೆಗೆದೆ.

ಒಂದನೇ ಕೋಣೆಯ ಹೆಣ್ಣು: ಕಣ್ಣಿನ ಸುತ್ತ ಸ್ಪಷ್ಟ ನೀಲಿ, ಹೊಟ್ಟೆಯ ಮೇಲೆ ತಿಳಿ ಗುರುತುಗಳ ಸಾಲು. ಮೂರನೇ ಕೋಣೆಯದು: ಕಣ್ಣಿನ ಸುತ್ತ ಮಂಕು, ಬೆನ್ನು ಇಟ್ಟಿಗೆಗೆಂಪು, ಹೊಟ್ಟೆಯ ಗುರುತು ಕಲೆಸಿದಂತೆ.

"ಉಲ್ಟಾ," ಎಂದಳು ವೈದ್ಯೆ ಮೆಲ್ಲಗೆ. "ಆಂಟಿ, ಎಲ್ಲಾ ಉಲ್ಟಾ ಇದೆ."

ಎರಡರ ಒಂದೊಂದು ಗರಿಯನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದೆವು. ಪ್ರಯೋಗಾಲಯದವರು ಎರಡು ವಾರ ಕೇಳಿದರು. ಗುರುವಾರಕ್ಕೆ ಉಳಿದದ್ದು ಆರು ದಿನ.

ಶನಿವಾರ ಬೆಳಿಗ್ಗೆ ಇನ್ನೊಂದು ತೊಡಕು, ಸಂತೋಷದ ವೇಷದಲ್ಲಿ. ಟ್ರಾಗೋಪಾನ್ ಮರದ ಮೇಲೆ ಗೂಡು ಮಾಡುವ ಹಕ್ಕಿ. ಅದಕ್ಕಾಗಿ ಒಂದನೇ ಕೋಣೆಯಲ್ಲಿ ಎತ್ತರಕ್ಕೆ ಬುಟ್ಟಿ ಕಟ್ಟಿದ್ದೆವು. ಅದರಲ್ಲಿ ಎರಡು ಮೊಟ್ಟೆಗಳಿದ್ದವು. ಕೇಂದ್ರದ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿ, ಅವರು ರಜೆಯ ದಿನವೂ ಕರಿಪಫ್ ಎಂಬ ಖಾರದ ಕಡುಬಿನ ಡಬ್ಬಿ ಹಿಡಿದು ಬಂದರು. ಮಿತಮಾತಿನ ಚೀನೀ ಮನುಷ್ಯ. ಈ ಗಂಡಿನಿಂದ ಒಂದು ಮರಿಗಾಗಿ ನಾಲ್ಕು ವರ್ಷ ಕಾದಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಂಥ ಹೊತ್ತಿನಲ್ಲಿ ಹೇಳಬೇಕಾಯಿತು. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಸರ್, ಇವು ಮಿಶ್ರ ಮೊಟ್ಟೆಗಳು ಇರಬಹುದು. ಹೆಣ್ಣು ಟೆಮ್ಮಿಂಕ್ ಅಂತ ನಮ್ಮ ಅನುಮಾನ."

ಅವರು ಕರಿಪಫ್ ಕೆಳಗಿಟ್ಟರು. "ಚಿಪ್ ಏನು ಹೇಳುತ್ತೆ?"

"ಸಟೈರ್."

"ರಿಂಗ್?"

"ಸಟೈರ್."

"ನಿಮ್ಮ ರಿಜಿಸ್ಟರ್?"

"ಸಟೈರ್."

"ಅಂದ್ರೆ ಟೆಮ್ಮಿಂಕ್ ಅನ್ನೋದು ನೀವಿಬ್ಬರು ಮಾತ್ರ." ಗಾಜಿನತ್ತ ಬೆರಳು ತೋರಿದರು. "ಅವನು ಇವಳ ಮುಂದೆ ಕುಣಿದಿದ್ದಾನಲ್ಲ. ಅವನಿಗೆ ತನ್ನ ಜಾತಿ ಗೊತ್ತಿಲ್ವಾ?"

"ಅವನು ಹೋದ ವಾರ ನೀಲಿ ಬಕೆಟ್ ಮುಂದೆನೂ ಕುಣಿದಿದ್ದಾನೆ, ಸರ್," ಎಂದಳು ವೈದ್ಯೆ.

ಅವರಿಗೆ ನಗು ಬರಲಿಲ್ಲ. ಎರಡು ಬಗೆ ಬೆರೆತ ಮರಿಗಳು ಯಾವ ಸಂವರ್ಧನಾ ಯೋಜನೆಗೂ ಬೇಡ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗುರುವಾರ ಹೋಗುವ ಹೆಣ್ಣು ನಿಜವಾದ ಸಟೈರ್ ಆಗಿದ್ದರೆ ನಾವು ನಮ್ಮದನ್ನು ಕಳೆದುಕೊಂಡು, ಅಲ್ಲಿಯೂ ತಪ್ಪು ಜೋಡಿ ಮಾಡಿಸಿದಂತೆ. ಆದರೆ ಅನುಮತಿ ಪತ್ರಗಳು, ವಿಮಾನ, ಆ ಕಡೆಯ ಕ್ವಾರಂಟೈನ್ ಎಲ್ಲ ಸಿದ್ಧವಾಗಿದ್ದವು. ಎರಡು ಫೋಟೋ ನೋಡಿ ಅವನ್ನು ಕೆಡಿಸಲು ಅವರು ತಯಾರಿರಲಿಲ್ಲ. ಸೋಮವಾರ ಮಧ್ಯಾಹ್ನದವರೆಗೆ ಸಮಯ ಕೊಟ್ಟರು. ಕಾಗದ ತಪ್ಪು ಎನ್ನುವುದಾದರೆ ಹೇಗೆ ತಪ್ಪಾಯಿತು ಎಂದು ತೋರಿಸಬೇಕು. ಅಲ್ಲಿಯವರೆಗೆ ಮೊಟ್ಟೆಗಳು ಕಾವುಪೆಟ್ಟಿಗೆಗೆ ಹೋಗದೆ ತಂಪಿನಲ್ಲಿರಲಿ. ಕಾವು ಶುರುವಾಗದ ಮೊಟ್ಟೆ ಕೆಲವು ದಿನ ಕೆಡದೆ ಇರುತ್ತದೆ.

ಭಾನುವಾರ ಹಳೆಯ ಪಾಲಕರನ್ನು ಬುಕಿತ್ ಪಂಜಾಂಗ್‌ನ ತಿಂಡಿ ಮಳಿಗೆಗಳ ಹಾಕರ್ ಸೆಂಟರಿನಲ್ಲಿ ಹಿಡಿದೆ. ಎಪ್ಪತ್ತು ದಾಟಿದ ಮಲಯ್ ಮನುಷ್ಯ, ತಲೆಯ ಮೇಲೆ ಕಪ್ಪು ಟೋಪಿ, ಎದುರಿಗೆ ಕಾಫಿ. ನೋಟ್‌ಬುಕ್ ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಕೇಳಿದೆ.

"ಹೆಣ್ಣುಗಳನ್ನು ಹೇಗೆ ಗುರುತು ಹಿಡೀತಿದ್ರಿ?"

"ನಿಮ್ಮ ಮಕ್ಕಳನ್ನ ಹೇಗೆ ಗುರುತು ಹಿಡೀತೀರಿ, ಸಿಸ್ಟರ್? ಒಂದು ಕೆಂಪು, ಸಿಟ್ಟಿನದು. ಇನ್ನೊಂದು ನೀಲಿ ಕಣ್ಣಿನದು, ಪಾಪದ್ದು. ನೋಟ್‌ಬುಕ್ ಆಫೀಸಿನವರಿಗೆ ಬರೆದದ್ದು ಲಾ."

"ಕೆಂಪು ಇರೋದು ಯಾವುದು?"

"ಸಟೈರ್. ಹಸಿರು ರಿಂಗ್, ಎಡಗಾಲು."

ಹಾಗೆ ಹೇಳುತ್ತ ಅವರು ಮೇಜಿನ ಕೆಳಗೆ ಬಾಗಿ, ಎದುರು ಕೂತಿದ್ದ ನನ್ನ ಕಾಲಿನತ್ತ ಬೆರಳು ಮಾಡಿದರು. ಬೆರಳು ಇದ್ದದ್ದು ನನ್ನ ಬಲಗಾಲಿನ ಕಡೆಗೆ.

"ಇದು ಎಡಗಾಲಾ?"

"ಮತ್ತೆ? ನಾನು ಗಾಜಿನ ಹೊರಗೆ. ಹಕ್ಕಿ ಬಂದು ನನ್ನ ಮುಖ ನೋಡುತ್ತೆ. ನನ್ನ ಎಡಗೈ ಕಡೆ ಇರೋದು ಎಡಗಾಲು. ಎಲ್ಲರೂ ಹಾಗೇ ಬರೆಯೋದು."

"ಹಕ್ಕಿಯ ಎಡ ಬೇರೆ ಅಲ್ವಾ?"

"ಅಯ್ಯೋ ಸಿಸ್ಟರ್, ಹಕ್ಕಿ ನೋಟ್‌ಬುಕ್ ಓದುತ್ತಾ?"

ಜೋರಾಗಿ ನಕ್ಕರು. ನನಗೂ ನಗು ಬಂತು, ಸ್ವಲ್ಪ ತಡವಾಗಿ.

ನರ್ಸಿಂಗ್ ಶಾಲೆಯ ಮೊದಲ ವಾರ ನಮಗೆ ಕಲಿಸಿದ್ದೇ ಇದು: ಎಡ ಎಂದರೆ ರೋಗಿಯ ಎಡ, ಎದುರು ನಿಂತ ನಿನ್ನ ಎಡವಲ್ಲ. ಮರೆತವರ ಬೆರಳ ಗೆಣ್ಣಿಗೆ ಸ್ಕೇಲು ಬೀಳುತ್ತಿತ್ತು. ಸರಿಯಾದ ನಿಯಮವೇ, ಒಳ್ಳೆಯ ಕಾಲನ್ನು ಕೊಯ್ಯದಂತೆ ಅದು ಎಷ್ಟೋ ಜನರನ್ನು ಕಾಪಾಡಿದೆ. ಆದರೆ ಅದು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಗಾಜಿನ ಹೊರಗೆ ನಿಂತು ಬೇರೆ ರೀತಿ ಬರೆಯುವವರೂ ಇರಬಹುದು ಎಂದು ಹೊಳೆಯಲೇ ಇಲ್ಲ. ಅವರಿಗೊಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ನೋಟ್‌ಬುಕ್ ಕೊಳಕಾಗಿತ್ತು, ಅಕ್ಷರ ಸೊಟ್ಟಗಿತ್ತು. ಅಂಥವರನ್ನು ಕೇಳುವುದೇನು ಎಂದುಕೊಂಡಿದ್ದೆ. ಅದೂ ನಿಜ.

ಸೋಮವಾರ ಏಳೂವರೆಗೆ ರಿಜಿಸ್ಟರ್ ತೆರೆದೆ. ತಪ್ಪನ್ನು ಅಳಿಸುವುದು, ಬಿಳಿ ಹಚ್ಚುವುದು ವಾರ್ಡಿನಲ್ಲಿ ಅಪರಾಧ. ಕೆಳಗಿನ ಅಕ್ಷರ ಓದಲು ಸಿಗುವಂತೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದು, ಸಹಿ, ವೇಳೆ. ಎರಡು ಸಾಲಿಗೂ ಹಾಗೆ ಗೆರೆ ಎಳೆದೆ. ಆಮೇಲೆ ಒಂದು ಪುಟದ ವರದಿ: ನೋಟ್‌ಬುಕ್ಕಿನ ಎಡಬಲ ನೋಡುವವನದು, ನಾನು ಅದನ್ನು ಹಕ್ಕಿಯದೆಂದು ಓದಿದೆ, ಕೇಳಿ ಖಚಿತ ಮಾಡಿಕೊಳ್ಳಲಿಲ್ಲ, ತಪ್ಪು ನನ್ನದು.

ಮುಖ್ಯಸ್ಥರು ನಿಂತೇ ಓದಿದರು.

"ನೀವು ಈಗಲೂ ತಪ್ಪಾಗಿದ್ದರೆ?"

"ಹಕ್ಕಿ ಎರಡು ವಾರ ತಡವಾಗಿ ಹೋಗುತ್ತೆ. ನಾನು ಸರಿಯಾಗಿದ್ದು ನೀವು ಕಳಿಸಿಬಿಟ್ಟರೆ ಅದು ವಾಪಸ್ ಬರಲ್ಲ."

"ಅದು ಸರಿ. ಮೊಟ್ಟೆ?"

ಕಷ್ಟದ ಪ್ರಶ್ನೆ ಅದೇ ಆಗಿತ್ತು. ಮೊಟ್ಟೆಗಳು ಎರಡು ವಾರ ಕಾಯುವುದಿಲ್ಲ. ಕಾವಿಗಿಟ್ಟು ಫಲಿತಾಂಶ ನೋಡೋಣ ಎಂದರು. ವೈದ್ಯೆ ಬೇಡವೆಂದು ತಲೆಯಾಡಿಸಿದಳು.

"ಎರಡು ವಾರಕ್ಕೆ ಒಳಗೆ ಮರಿ ಬೆಳೆದಿರುತ್ತೆ, ಸರ್. ಆಮೇಲೆ ಬೇಡ ಅಂದ್ರೆ ಅದನ್ನ ಸಾಯಿಸೋ ಕೆಲಸ ನಾನು ಮಾಡಲ್ಲ. ಇಡೋದಾದ್ರೆ ಮರಿ ಆಗೋವರೆಗೂ ಇಡೋಣ. ಬೇಡ ಅನ್ನೋದಾದ್ರೆ ಇವತ್ತೇ."

ಇಬ್ಬರೂ ನನ್ನತ್ತ ನೋಡಿದರು. ಮೊಟ್ಟೆಗಳು ಶುದ್ಧ ಸಟೈರ್ ಆಗಿದ್ದರೆ, ನಾಲ್ಕು ವರ್ಷದ ಕಾಯುವಿಕೆಯನ್ನು ನಾನು ಒಂದು ಮಾತಿನಲ್ಲಿ ಕಳೆದಂತೆ. ಸುತ್ತ ನೀಲಿಯಿರುವ ಕಣ್ಣು, ಹೊಟ್ಟೆಯ ಗುರುತು, ನನ್ನ ಬಲಗಾಲಿನತ್ತ ಚಾಚಿದ ಬೆರಳು. ಮೂರೂ ಒಂದೇ ಕಡೆ ತೋರಿಸುತ್ತಿದ್ದವು.

"ಇಡಬೇಡಿ," ಎಂದೆ. "ಹೆಣ್ಣುಗಳನ್ನು ಇವತ್ತೇ ಬದಲಿಸೋಣ. ಫಲಿತಾಂಶಕ್ಕೆ ಕಾದರೆ ಸೀಸನ್ ಮುಗಿದುಹೋಗುತ್ತೆ."

ಮುಖ್ಯಸ್ಥರು ವರದಿಗೆ ಸಹಿ ಹಾಕಿದರು. ಆಮೇಲೆ ವಿಮಾನದವರಿಗೆ ಫೋನ್ ಮಾಡಲು ಹೋದರು.

ಹೆಣ್ಣುಗಳನ್ನು ಹನ್ನೊಂದಕ್ಕೆ ಬದಲಿಸಿದೆವು. ಮೊದಲ ಮೂರು ದಿನ ಕೆಂಪು ಹೆಣ್ಣು ಗಂಡನ್ನು ಕೋಣೆಯ ತುಂಬ ಅಟ್ಟಾಡಿಸಿತು. ಪಾಲಕರು ಹೇಳಿದ ಸಿಟ್ಟು ಸುಳ್ಳಾಗಿರಲಿಲ್ಲ. ಬಚ್ಚಿಟ್ಟುಕೊಳ್ಳಲು ದಿಮ್ಮಿಗಳನ್ನು ಹೆಚ್ಚಿಸಿ, ಸೊಪ್ಪಿನ ಬಟ್ಟಲುಗಳನ್ನು ಎರಡು ಮಾಡಿ, ದೂರದೂರಕ್ಕೆ ಇಟ್ಟೆವು. ಒಂಬತ್ತನೇ ದಿನ ಗಂಡು ದಿಮ್ಮಿಯ ಹಿಂದೆ ಕುಳಿತು, ತಲೆ ಮಾತ್ರ ಕಾಣುವಂತೆ ಅಲುಗಿಸತೊಡಗಿತು. ನೆತ್ತಿಯಿಂದ ಆಕಾಶನೀಲಿಯ ಎರಡು ಕೊಂಬುಗಳು ನಿಧಾನ ಎದ್ದವು. ಕೊರಳ ಕೆಳಗೆ ಮಡಿಸಿಟ್ಟಿದ್ದ ಚರ್ಮ, ಕೆಂಪು ಪಟ್ಟೆಗಳ ಕಡುನೀಲಿ ಎದೆವಸ್ತ್ರದಂತೆ ಬಿಚ್ಚಿಕೊಂಡಿತು. ರೆಕ್ಕೆ ಬಡಿಯುತ್ತ, ಟಿಕ್ ಟಿಕ್ ಎಂದು ಸದ್ದು ಮಾಡುತ್ತ, ಥಟ್ಟನೆ ಎದ್ದು ನಿಂತಿತು. ಹೆಣ್ಣು ಓಡಲಿಲ್ಲ, ಅಟ್ಟಲೂ ಇಲ್ಲ. ಬಾಯಿಯಲ್ಲಿದ್ದ ಎಲೆಯನ್ನು ನುಂಗಿ, ನೋಡುತ್ತ ನಿಂತಿತು.

ಹದಿನಾರನೇ ದಿನ ಪ್ರಯೋಗಾಲಯದ ಪತ್ರ ಬಂತು. ನೀಲಿ ಕಣ್ಣಿನದು ಟೆಮ್ಮಿಂಕ್, ಕೆಂಪಿನದು ಸಟೈರ್. ಮುಖ್ಯಸ್ಥರು ಪತ್ರವನ್ನು ನನ್ನ ರಿಜಿಸ್ಟರಿನೊಳಗೆ ತಾವೇ ಇಟ್ಟು, "ಕರಿಪಫ್ ಉಳಿದಿದ್ರೆ ಕೊಡ್ತಿದ್ದೆ," ಎಂದರು. ಅವರಿಂದ ಅಷ್ಟು ಬಂದರೆ ದೊಡ್ಡದು. ಮುಂದಿನ ವಾರ ಟೆಮ್ಮಿಂಕ್ ಹೆಣ್ಣು ಹೊಸ ಕಾಗದಗಳ ಜೊತೆ ವಿಮಾನ ಹತ್ತಿ, ಸುಖವಾಗಿ ತಲುಪಿತು.

ಕೆಂಪು ಹೆಣ್ಣು ಮೂರು ಮೊಟ್ಟೆ ಇಟ್ಟಿತು. ಒಂದು ಬರಿದು. ಎರಡು, ಕಾವಿಗಿಟ್ಟ ಇಪ್ಪತ್ತೆಂಟನೇ ದಿನ ಬೆಳಿಗ್ಗೆ, ಒಂದರ ಹಿಂದೆ ಒಂದು ಒಡೆದವು. ಟ್ರಾಗೋಪಾನ್ ಮರಿಗಳು ರೆಕ್ಕೆಯ ಗರಿಗಳನ್ನು ಹೊತ್ತುಕೊಂಡೇ ಹುಟ್ಟುತ್ತವೆ. ಮೂರನೇ ದಿನಕ್ಕೆ ಎರಡೂ ಕೆಳಗಿನ ಕೊಂಬೆಗೆ ಹಾರುವ ಪ್ರಯತ್ನದಲ್ಲಿದ್ದವು. ನಾನು ರಿಜಿಸ್ಟರಿನಲ್ಲಿ ಎರಡು ಹೊಸ ಸಾಲು ತೆರೆದೆ.

"ಇವಕ್ಕೆ ರಿಂಗ್ ಹಾಕೋಕೆ ಇನ್ನೂ ಎರಡು ವಾರ ಬೇಕು, ಕಾಲು ತುಂಬಾ ಸಣ್ಣ," ಎಂದಳು ವೈದ್ಯೆ. "ಅಲ್ಲೀವರೆಗೆ ಯಾವುದು ಯಾವುದು ಅಂತ ಹೇಗೆ ಬರೀತೀರ, ಆಂಟಿ?"

"ಕೂತು ನೋಡ್ತೀನಿ."

"ನಿಮ್ಮ ಶಿಫ್ಟ್ ಮುಗೀತಲ್ಲ."

ಸ್ಟೂಲ್ ಎಳೆದುಕೊಂಡು ಗಾಜಿನ ಮುಂದೆ ಕುಳಿತೆ. ಒಂದು ಗಂಟೆಯೊಳಗೆ ಗೊತ್ತಾಯಿತು: ಒಂದಕ್ಕೆ ಹುಬ್ಬಿನ ಮೇಲಿನ ಗೆರೆ ಅಗಲ, ಅದು ಹಾರುವ ಮೊದಲು ಯಾವಾಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತದೆ. ಇನ್ನೊಂದು ನೋಡುವುದೇ ಇಲ್ಲ. ಹಾರಿಬಿಡುತ್ತದೆ, ಬೀಳುತ್ತದೆ, ಎದ್ದು ಮತ್ತೆ ಹಾರುತ್ತದೆ.